ತಿರುವು ಕಲಿತ ದಾರದಣ್ಣ

ಆ ಬೀದಿಯಲ್ಲಿ ಬೈಕು ರಿಪೇರಿ ಮಾಡುವ ಅಂಗಡಿಗಳು ಏಳಿದ್ದವು. ಆರರಲ್ಲಿ ಎಂಜಿನ್ ಬಿಚ್ಚುತ್ತಿದ್ದರು. ಏಳನೆಯ ಅಂಗಡಿಯವನು ಎಂಜಿನ್ನಿನ ತಂಟೆಗೇ ಹೋಗುತ್ತಿರಲಿಲ್ಲ. ಬಿದ್ದು, ಗುದ್ದಿಸಿಕೊಂಡು, ಮೈ ಸೊಟ್ಟ ಮಾಡಿಕೊಂಡ ಗಾಡಿಗಳನ್ನು ನೆಟ್ಟಗೆ ಮಾಡುವುದಷ್ಟೇ ಅವನ ಕಸುಬು. ಗಾಡಿ ಬಂದ ಕೂಡಲೇ ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಬದಿಗೆ ಬಿಳಿ ದಾರ ಬಿಗಿದು, ನೆಲದ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. "ಹಿಂದಿನ ಚಕ್ರ ಎಡಕ್ಕೆ ಮೂರು ಮಿಲಿಮೀಟರ್ ಹೋಗಿದೆ" ಎಂದರೆ ಮುಗಿಯಿತು. ಅನುಮಾನದಿಂದ ಅಳತೆಪಟ್ಟಿ ತಂದವರು ಮುಖ ಸಣ್ಣದು ಮಾಡಿಕೊಂಡು ವಾಪಸಾಗುತ್ತಿದ್ದರು. ಹೀಗಾಗಿ ಊರಿಗೆಲ್ಲ ಅವನು ದಾರದಣ್ಣ. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ವಯಸ್ಸು ಐವತ್ತಾರು. ಬೇರೆ ಬೇರೆ ಊರುಗಳಿಂದ ಸ್ಪೋರ್ಟ್ಸ್ ಬೈಕುಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ವಿಚಿತ್ರವೆಂದರೆ ಅವನು ಮಾತ್ರ ಬೈಕು ಹತ್ತುತ್ತಿರಲಿಲ್ಲ. ಮನೆಯಿಂದ ಅಂಗಡಿಗೆ ನಡೆದೇ ಬರುತ್ತಿದ್ದ, ನಡೆದೇ ಹೋಗುತ್ತಿದ್ದ. ಸರಿಪಡಿಸಿದ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ ಎಂದು ಯಾರಾದರೂ ಹೇಳಿದರೆ, "ನೆಟ್ಟಗೆ ಮಾಡೋದು ನನ್ನ ಕೆಲಸ, ಓಡ್ಸೋದು ನಿಮ್ದು" ಎಂದು ಕೈ ಒರೆಸಿಕೊಳ್ಳುತ್ತಿದ್ದ.

ಅದಕ್ಕೆ ಕಾರಣ ಮನೆಯವರಿಗೆ ಗೊತ್ತಿತ್ತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಕೆರೆಯ ಏರಿಯ ಮೇಲಿನ ತಿರುವಿನಲ್ಲಿ ಬಿದ್ದಿದ್ದ. ತೊಡೆಯ ಮೂಳೆ ಮುರಿದು ಐದು ತಿಂಗಳು ಹಾಸಿಗೆ ಹಿಡಿದಿದ್ದ. "ಚಾಸಿ ಸೊಟ್ಟ ಇತ್ತು, ಗಾಡಿ ನನ್ನ ಮಾತು ಕೇಳಲಿಲ್ಲ" ಎಂದು ಆಗ ನೋಡಲು ಬಂದವರಿಗೆಲ್ಲ ಹೇಳಿದ್ದ. ಎದ್ದು ಓಡಾಡುವಂತಾದ ಮೇಲೆ ಈ ಕಸುಬನ್ನೇ ಹಿಡಿದ. ಗಾಡಿ ನೆಟ್ಟಗಿದ್ದರೆ ಸವಾರನಿಗೆ ಯಾವ ಭಯವೂ ಇಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಆ ನಂಬಿಕೆಗೆ ಮೊದಲ ಸಲ ಎದುರು ನಿಂತವಳು ಸೊಸೆ. ಅವನ ಮಗ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಬೈಕೆಂದರೆ ಅಷ್ಟಕ್ಕಷ್ಟೆ. ಆದರೆ ಅವನು ಮೆಚ್ಚಿ ಮದುವೆಯಾದವಳು ನಾಲ್ಕು ವರ್ಷ ಬೈಕ್ ರೇಸಿನಲ್ಲಿ ಓಡಿಸಿ, ಈಗ ಊರಾಚೆಯ ತರಬೇತಿ ಮೈದಾನದಲ್ಲಿ ಜನರಿಗೆ ಓಡಿಸುವುದನ್ನು ಕಲಿಸುವವಳು. ಒಂದೇ ಸೂರಿನ ಕೆಳಗೆ ಗಾಡಿ ಸರಿಮಾಡುವವನೂ ಸವಾರರನ್ನು ಸರಿಮಾಡುವವಳೂ ಸೇರಿದರೆ ಕೇಳಬೇಕೆ! ಊಟಕ್ಕೆ ಕೂತರೆ ಶುರು.

"ತಿರುವಲ್ಲಿ ಗಾಡಿ ಅರ್ಧ, ಮೇಲೆ ಕೂತೋರು ಅರ್ಧ ಮಾವ."

"ಹದಿನೈದಾಣೆ ಗಾಡಿ, ಒಂದಾಣೆ ಸವಾರ. ಬರ್ಕೊಡ್ತೀನಿ ಬೇಕಾದ್ರೆ."

"ಹಾಗಾದ್ರೆ ಒಂದೇ ಗಾಡೀಲಿ ಒಬ್ರು ಬೀಳ್ತಾರೆ, ಇನ್ನೊಬ್ರು ಗೆಲ್ತಾರಲ್ಲ, ಅದು ಹೇಗೆ?"

"ಬಿದ್ದೋನ ಗಾಡಿ ನನ್ನ ಹತ್ರ ತಗೊಂಡ್ ಬಾ, ಹೇಳ್ತೀನಿ."

"ಸಾರು ಆರಿ ತಣ್ಣಗಾಯ್ತು. ಇದು ಗಾಡಿ ತಪ್ಪೋ, ಸವಾರನ ತಪ್ಪೋ, ಅದನ್ನ ಹೇಳಿ ಮೊದಲು" ಎಂದು ದಾರದಣ್ಣನ ಹೆಂಡತಿ ಇಬ್ಬರ ತಟ್ಟೆಗೂ ಸೌಟು ಬಡಿಯುತ್ತಿದ್ದಳು.

ಹೀಗಿರುವಾಗ ಒಂದು ಶನಿವಾರ ಹಲ್ಲಿನ ಡಾಕ್ಟರೊಬ್ಬರು ಅಂಗಡಿಗೆ ಬಂದರು. ಮೂವತ್ತೈದರ ಸಂಕೋಚದ ಮನುಷ್ಯ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು ಕೊಂಡು, ಸೊಸೆಯ ಬಳಿಯೇ ಪಾಠಕ್ಕೆ ಸೇರಿದ್ದರು. ಮೈದಾನದ ಬೇರೆ ತಿರುವುಗಳಲ್ಲಿ ಹೇಗೋ ಏಗುತ್ತಿದ್ದರು. ನಾಲ್ಕನೆಯ ತಿರುವು ಮಾತ್ರ ಉದ್ದನೆಯ ಬಲತಿರುವು, ಅಲ್ಲಿ ಗಾಡಿ ಹೊರಗೆ ಹೊರಗೆ ಸರಿದು ಎರಡು ಸಲ ಹುಲ್ಲಿಗಿಳಿದಿತ್ತು.

"ನಿಮ್ಮ ಸೊಸೆ ನನ್ನ ಕೈಲೇ ಏನೋ ತಪ್ಪಿದೆ ಅಂತಾರೆ" ಎಂದರು ಡಾಕ್ಟರು, ಕ್ಷಮೆ ಕೇಳುವ ದನಿಯಲ್ಲಿ. "ನಂಗೆ ಯಾಕೋ ಗಾಡಿ ಮೇಲೇ ಅನುಮಾನ."

ದಾರದಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದಾರ ಬಿಗಿದ, ಬೋರಲು ಮಲಗಿದ, ಒಂದು ಕಣ್ಣು ಮುಚ್ಚಿದ. ಎರಡೂ ಚಕ್ರಗಳು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮತ್ತೊಮ್ಮೆ ನೋಡಿದ. ಇಲ್ಲ, ನೆಟ್ಟಗಿತ್ತು. ಅವನು ಎದ್ದು ಡಾಕ್ಟರನ್ನು ಗಾಡಿಯ ಮೇಲೆ ಕೂರಿಸಿ, ರಸ್ತೆಯ ಆಚೆ ಬದಿಗೆ ಹೋಗಿ ದೂರದಿಂದ ದಿಟ್ಟಿಸಿದ. ಆಗ ಹೊಳೆಯಿತು. ಹಿಂಭಾಗ ಎತ್ತಿ ನಿಲ್ಲಬೇಕಾದ ಗಾಡಿ ನಾಯಿ ಕುಕ್ಕರಗಾಲಲ್ಲಿ ಕೂತಂತೆ ಹಿಂದಕ್ಕೆ ಕುಸಿದಿತ್ತು.

ಬಗ್ಗಿ ಒಳಗೆ ಟಾರ್ಚ್ ಬಿಟ್ಟ. ಹಿಂದಿನ ಶಾಕ್ ಅಬ್ಸಾರ್ಬರನ್ನು ಹಿಡಿದಿರುವ ಜೋಡಿ ಪಟ್ಟಿಗಳು ಕಂಪನಿಯವಲ್ಲ, ಉದ್ದನೆಯವು.

"ಇದಕ್ಕೆ ಮುಂಚಿನ ಯಜಮಾನ ಕುಳ್ಳ ಇದ್ನಾ ಡಾಕ್ಟ್ರೇ?"

"ಹೌದು! ನಿಮಗೆ ಹೇಗೆ ಗೊತ್ತಾಯ್ತು?"

"ಕಾಲು ನೆಲಕ್ಕೆ ಎಟಕ್ಲಿ ಅಂತ ಹಿಂಭಾಗ ಇಳಿಸ್ಕೊಂಡಿದಾನೆ ಮಹಾರಾಯ. ಈ ಜಾತಿ ಗಾಡೀಲಿ ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಕಡಿದಾಗಿ ನಿಂತಿರ್ಬೇಕು, ಚಕ್ರ ಸವಾರನ ಹತ್ರಾನೇ ಇರ್ಬೇಕು. ಆಗ ಮುಟ್ಟಿದ್ರೆ ತಿರುಗುತ್ತೆ. ಹಿಂದೆ ಇಳಿಸಿದ್ರೆ ಮುಂದಿನ ಚಕ್ರ ಕಾಲು ಚಾಚಿ ಮಲಗಿದ ಹಾಗೆ. ನೇರ ರಸ್ತೇಲಿ ಸುಖ, ತಿರುವಲ್ಲಿ ಸೋಮಾರಿ."

ಸಾಲದ್ದಕ್ಕೆ ಹೆದ್ದಾರಿಯಲ್ಲೇ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿತ್ತು. ನೇರದಿಂದ ಓರೆಗೆ ಗಾಡಿ ನಯವಾಗಿ ಉರುಳದೆ ಮೆಟ್ಟಿಲು ಇಳಿದಂತೆ ತಟಕ್ಕನೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ದಾರದಣ್ಣ ಸರಿಯಾದ ಪಟ್ಟಿ, ಹೊಸ ಟೈರು ಹಾಕಿ ಮುಗಿಸಿದ. ಮನೆಗೆ ಬಂದವನು ಬಾಗಿಲಲ್ಲೇ ನಿಂತು ಸೊಸೆಯನ್ನು ಕರೆದ.

"ನಿನ್ನ ಡಾಕ್ಟ್ರ ಕೈ ಸರಿ ಇದೆ ಕಣಮ್ಮಾ. ಗಾಡೀನೇ ಕೂತಿತ್ತು."

"ಆಯ್ತು ಮಾವ, ಒಪ್ಕೋತೀನಿ. ನಾಳೆ ಭಾನುವಾರ, ಮೈದಾನಕ್ಕೆ ಬನ್ನಿ. ನಾಲ್ಕನೇ ತಿರುವು ಏನು ಹೇಳುತ್ತೋ ನೋಡೋಣ."

ಮಗನ ಮದುವೆಯಾದ ಎರಡು ವರ್ಷಗಳಲ್ಲಿ ಅವನು ಸೊಸೆಯ ಮೈದಾನಕ್ಕೆ ಹೋದದ್ದು ಅದೇ ಮೊದಲು. ಹಿಂದೆ ವಿಮಾನ ಇಳಿಯುತ್ತಿದ್ದ ಜಾಗ. ಹಳೆಯ ರನ್‌ವೇಯ ಮೇಲೆ ಬಣ್ಣದ ಗೆರೆ ಎಳೆದು, ಅಂಚಿಗೆ ಸವೆದ ಟೈರುಗಳನ್ನು ಒಟ್ಟಿ ಗೋಡೆ ಮಾಡಿದ್ದರು. ಡಾಕ್ಟರು ಹೊರಟರು. ಮೊದಲ ತಿರುವು ಚೆನ್ನಾಗಿ ಹೋಯಿತು, ಎರಡನೆಯದು ಇನ್ನೂ ಚೆನ್ನಾಗಿ. ದಾರದಣ್ಣ ಮೀಸೆ ತೀಡಿಕೊಂಡ. ನಾಲ್ಕನೆಯ ತಿರುವಿಗೆ ಬಂದದ್ದೇ ತಡ, ವಾಲಿದ್ದ ಗಾಡಿ ಥಟ್ಟನೆ ಎದ್ದು ನಿಂತು, ಸೀದಾ ಹುಲ್ಲಿಗೆ ಇಳಿದು, ಟೈರಿನ ಗೋಡೆಗೆ ಹತ್ತು ಮಾರು ಮುಂಚೆ ನಿಂತಿತು.

ಡಾಕ್ಟರು ಹೆಲ್ಮೆಟ್ ತೆಗೆದರು. ಬೆವರಿನಲ್ಲಿ ಮಿಂದಿದ್ದರು. "ದಾರದಣ್ಣ, ಗಾಡಿ ಈಗ ಬೆಣ್ಣೆ. ಇಲ್ಲಿ ಮಾತ್ರ ಯಾಕೋ..."

ದಾರದಣ್ಣ ಆಗಲೇ ಜೇಬಿನಿಂದ ದಾರದುಂಡೆ ತೆಗೆದಿದ್ದ. ಸೊಸೆ ಅವನ ಕೈ ಹಿಡಿದಳು.

"ಮಾವ, ಈ ಸಲ ಗಾಲಿ ನೋಡ್ಬೇಡಿ. ತಿರುವಿನ ಒಳಬದೀಲಿ ನಿಂತು ಡಾಕ್ಟ್ರ ಹೆಲ್ಮೆಟ್ ಯಾವ ಕಡೆ ತಿರುಗಿದೆ ಅದಷ್ಟೇ ನೋಡಿ."

ಅವನು ಅರೆಮನಸ್ಸಿನಿಂದ ಹೋಗಿ ನಿಂತ. ಡಾಕ್ಟರು ಮತ್ತೊಂದು ಸುತ್ತು ಬಂದರು. ತಿರುವಿನ ಬಾಯಿಗೆ ಬಂದಾಗ ಅವರ ತೋಳುಗಳು ಕಬ್ಬಿಣದ ಸಲಾಕಿಗಳಂತೆ ಸೆಟೆದವು. ಹೆಲ್ಮೆಟ್ ಬಲಕ್ಕೆ ತಿರುಗಲೇ ಇಲ್ಲ. ಎದುರಿನ ಟೈರು ಗೋಡೆಯನ್ನೇ ನೋಡುತ್ತಿತ್ತು, ಯಾರೋ ಅದಕ್ಕೆ ಹಗ್ಗ ಕಟ್ಟಿ ಎಳೆದ ಹಾಗೆ. ಮುಂದಿನ ಬ್ರೇಕಿನ ಮೇಲೆ ಬೆರಳುಗಳು ಬಿಗಿಯಾದವು. ಗಾಡಿ ಎದ್ದು ನಿಂತು ಸೀದಾ ಹೋಯಿತು.

ದಾರದಣ್ಣನಿಗೆ ಕಂಡದ್ದು ಡಾಕ್ಟರಲ್ಲ. ಕೆರೆ ಏರಿಯ ಆ ತಿರುವು, ಸುಣ್ಣ ಬಳಿದ ಮೋಟು ಗೋಡೆ, ಅದು ಹತ್ತಿರ ಹತ್ತಿರ ಬಂದ ರೀತಿ. ಅವತ್ತು ಅವನು ರಸ್ತೆ ನೋಡಿರಲಿಲ್ಲ. ಆ ಗೋಡೆಯನ್ನೇ ನೋಡಿದ್ದ. ಬ್ರೇಕು ಅಮುಕಿದ್ದ. ಗಾಡಿ ಅವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಅವನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ.

ಬಿಸಿಲು ಹೊಡೆಯಿತೇನೋ ಎಂದು ಸೊಸೆ ನೀರು ಹಿಡಿದು ಓಡಿಬಂದಳು.

"ಏನಾಯ್ತು ಮಾವ?"

ಅವನು ನೀರು ಕುಡಿದು ಬಾಟಲಿಯನ್ನು ಹುಲ್ಲಿನ ಮೇಲಿಟ್ಟ. ಆಮೇಲೆ ಹೇಳಿದ: "ಅವತ್ತು ಚಾಸಿ ಸೊಟ್ಟ ಇರ್ಲಿಲ್ಲ ಕಣಮ್ಮ. ಬಿದ್ದ ಮೇಲೆ ಸೊಟ್ಟ ಆಗಿದ್ದು. ಅದನ್ನೇ ಎಲ್ರಿಗೂ ತೋರಿಸ್ದೆ. ತೋರಿಸ್ತಾ ತೋರಿಸ್ತಾ ನಾನೂ ನಂಬ್ಬಿಟ್ಟೆ."

ಅವಳು ನಗುತ್ತಾಳೆ ಅಂದುಕೊಂಡಿದ್ದ. ಅವಳು ಪಕ್ಕದಲ್ಲಿ ಕೂತು, ಹುಲ್ಲಿನ ಒಂದು ಎಸಳು ಕಿತ್ತಳು.

"ಮೊದಲನೇ ರೇಸಲ್ಲಿ ಬಿದ್ದಾಗ ನಾನೂ ಟೈರಿನ ಮೇಲೆ ಹಾಕಿದ್ದೆ ಮಾವ. ಎಲ್ರೂ ಹಾಗೇನೆ. ಆದ್ರೆ ನೀವು ಆ ನೆಪ ಇಟ್ಕೊಂಡು ಎಷ್ಟು ಜನರ ಗಾಡಿ ಸರಿ ಮಾಡಿದೀರಿ. ಡಾಕ್ಟ್ರ ಗಾಡಿ ನೀವು ಸರಿ ಮಾಡದೇ ಇದ್ದಿದ್ರೆ, ನೋಡಿದ ಕಡೆಗೇ ಗಾಡಿ ಹೋಗುತ್ತೆ ಅಂತ ನಾನು ಎಷ್ಟು ಹೇಳಿದ್ರೂ ಪ್ರಯೋಜನ ಇರ್ಲಿಲ್ಲ. ಅದು ತಿರುಗೋ ಸ್ಥಿತೀಲೇ ಇರ್ಲಿಲ್ವಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಲ್ಲಗೆ ಕೇಳಿದಳು: "ಒಂದು ಸಲ ಹತ್ತಿ ನೋಡ್ತೀರಾ?"

"ಹುಚ್ಚು ಹಿಡೀತಾ ನಿಂಗೆ?"

ಆದರೂ ಮೂರನೆಯ ಭಾನುವಾರ ಅವನು ಹತ್ತಿದ. ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಲೂ ಇಲ್ಲ. "ಹೋಗಿ ಬನ್ನಿ. ಹಲ್ಲು ಉದುರಿದ್ರೆ ಡಾಕ್ಟ್ರು ಅಲ್ಲೇ ಇರ್ತಾರೆ" ಎಂದಳು. ಅವನು ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತು ನೋಡಿದಳು.

ಕಲಿಕೆ ಅಷ್ಟು ಸುಲಭವಿರಲಿಲ್ಲ. ಪುಟ್ಟ ಗಾಡಿಯೊಂದರಲ್ಲಿ, ಆಳು ನಡೆಯುವಷ್ಟು ನಿಧಾನವಾಗಿ, ಕಿತ್ತಳೆ ಬಣ್ಣದ ಗುರುತುಗಳ ಸುತ್ತ ಸುತ್ತುವುದು ಮೊದಲ ಪಾಠ. ಅವನು ಮಾತುಮಾತಿಗೆ ಕಾಲು ಊರುತ್ತಿದ್ದ. ವೇಗ ಸ್ವಲ್ಪ ಏರಿದ ಮೇಲೆ ಸೊಸೆ ಕೂಗಿ ಹೇಳುತ್ತಿದ್ದಳು: "ಬಲಕ್ಕೆ ಹೋಗ್ಬೇಕಾದ್ರೆ ಬಲಗೈಯಿಂದ ಹ್ಯಾಂಡಲ್ ಮುಂದಕ್ಕೆ ಒತ್ತಿ ಮಾವ! ಎಳೀಬೇಡಿ!" ಹಾಗೆ ಒತ್ತಿದರೆ ಗಾಡಿ ಬಲಕ್ಕೇ ವಾಲುತ್ತದೆ ಎಂದು ಅವನಿಗೆ ಹೆಚ್ಚುಕಡಿಮೆ ಮೂವತ್ತು ವರ್ಷದಿಂದ ಗೊತ್ತು. ಏಕೆಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಬಲ್ಲವನು. ಕೈಗಳಿಗೆ ಮಾತ್ರ ಗೊತ್ತಿರಲಿಲ್ಲ. ಟ್ಯಾಂಕನ್ನು ಮಂಡಿಗಳಿಂದ ಹಿಡಿ, ಮೊಣಕೈ ಸಡಿಲ ಬಿಡು, ಬ್ರೇಕು ತಿರುವಿಗೆ ಮೊದಲೇ ಹಾಕಿ ವಾಲುತ್ತಾ ಮೆಲ್ಲಗೆ ಬಿಡು, ಗದ್ದ ಹೋಗಬೇಕಾದ ಕಡೆಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮನೆಯಲ್ಲಿ ಸ್ನಾನದ ಮನೆಗೆ ಹೋಗುವಾಗಲೂ ಮೂಲೆಯಲ್ಲಿ ಗದ್ದ ಮೊದಲು ತಿರುಗಿಸುತ್ತಿದ್ದವನನ್ನು ಕಂಡು ಮಗ, "ಅಪ್ಪಂಗೆ ಕುತ್ತಿಗೆ ಹಿಡ್ಕೊಂಡಿದೆಯಾ?" ಎಂದು ತಾಯಿಯನ್ನು ಕೇಳಿದ್ದುಂಟು.

ಎಂಟನೆಯ ಭಾನುವಾರ ಡಾಕ್ಟರು ತಮ್ಮ ಗಾಡಿಯ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು. ಅಷ್ಟರಲ್ಲಿ ಅವರು ನಾಲ್ಕನೆಯ ತಿರುವನ್ನು ಗೆದ್ದಾಗಿತ್ತು. "ನೀವು ಸರಿ ಮಾಡಿದ್ದು ಹೇಗಿದೆ ಅಂತ ನೀವೇ ನೋಡ್ಬೇಡ್ವಾ?" ಎಂದರು.

ದಾರದಣ್ಣ ಹೊರಟ. ನಾಲ್ಕನೆಯ ತಿರುವು ಬಂತು. ಬ್ರೇಕು ಹಾಕಿದ, ಬಲಗೈ ಒತ್ತಿದ, ಗಾಡಿ ವಾಲಿತು. ಟೈರುಗಳ ಗೋಡೆ ಕಣ್ಣಂಚಿಗೆ ಬಂದು ಕರೆಯಿತು, ನೋಡು ನೋಡು ಎಂದು. ಅವನು ಹಲ್ಲು ಕಚ್ಚಿ ಗದ್ದವನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದ. ಅಲ್ಲಿ, ತಿರುವಿನ ಕೊನೆಯಲ್ಲಿ, ರಸ್ತೆ ನೇರವಾಗಿ, ಖಾಲಿಯಾಗಿ, ಬಿಸಿಲಿನಲ್ಲಿ ಬಿದ್ದಿತ್ತು. ಅವನು ಆಕ್ಸಿಲರೇಟರನ್ನು ಕೊಂಚ ಕೊಂಚವೇ ತಿರುಚಿದ. ಗಾಡಿ ಹಿಂದಿನ ಚಕ್ರವನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಕೂಸನ್ನು ಹೊತ್ತ ತಾಯಿಯಂತೆ ಅವನನ್ನು ತಿರುವಿನಿಂದಾಚೆಗೆ ಕೊಂಡೊಯ್ದಿತು. ಹೆಲ್ಮೆಟ್ಟಿನೊಳಗೆ ಅವನು ಜೋರಾಗಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

"ಎಷ್ಟು ಸ್ಪೀಡಲ್ಲಿದ್ದೆ?" ಎಂದು ಇಳಿದವನೇ ಕೇಳಿದ.

"ನಲವತ್ತು" ಎಂದಳು ಸೊಸೆ. "ಸೈಕಲ್‌ನೋರೂ ನಿಮ್ಮನ್ನ ಹಿಂದೆ ಹಾಕ್ತಿದ್ರು ಮಾವ."

ಡಾಕ್ಟರು, ಸೊಸೆ, ದಾರದಣ್ಣ ಮೂವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮನೆಗೆ ಬಂದು ಅವನು ಹೆಂಡತಿಗೆ ಕೆರೆ ಏರಿಯ ನಿಜವನ್ನು ಹೇಳಿಬಿಟ್ಟ. ಅವಳು ಒಂದು ಗಳಿಗೆ ಅವನ ಮುಖ ನೋಡಿ, "ಆಸ್ಪತ್ರೇಲಿ ಜ್ವರದಲ್ಲಿ ನೀವೇ ಬಡಬಡಿಸಿದ್ರಿ. ಇಷ್ಟು ವರ್ಷ ಬೇಕಾಯ್ತು ನಿಮಗೆ" ಎಂದು ತಲೆಗೂದಲು ನೇವರಿಸಿದಳು.

ಅಂಗಡಿಯ ಕೆಲಸ ಆಮೇಲೆ ಸ್ವಲ್ಪ ಬದಲಾಯಿತು. ಗಾಡಿ ತಂದವರನ್ನು ಅವನು ಮೊದಲು ಬೀದಿಯ ಕೊನೆಯವರೆಗೆ ಓಡಿಸಿ ತಿರುಗಿಸಿಕೊಂಡು ಬರಲು ಹೇಳುತ್ತಾನೆ, ಆಮೇಲೆ ಮಲಗಿ ನೋಡುತ್ತಾನೆ. ಕೆಲವರಿಗೆ, "ಗಾಡಿ ಚೆನ್ನಾಗಿದೆ, ಭಾನುವಾರ ನನ್ನ ಸೊಸೆ ಹತ್ರ ಹೋಗಿ" ಎಂದು ಸ್ಪ್ಯಾನರ್ ಮುಟ್ಟದೆಯೇ ಕಳಿಸಿದ್ದೂ ಇದೆ.

ಕಳೆದ ತಿಂಗಳು ಸೊಸೆ ಒಬ್ಬ ನರ್ಸಮ್ಮನನ್ನು ಅಂಗಡಿಗೆ ಕರೆತಂದಳು. ಐದಡಿಗೂ ಕಡಿಮೆ ಎತ್ತರ, ಹೊಸ ಸ್ಪೋರ್ಟ್ಸ್ ಬೈಕು. ಎರಡು ಕಾಲೂ ನೆಲಕ್ಕೆ ಎಟಕುತ್ತಿರಲಿಲ್ಲ. ಹಿಂಭಾಗ ಇಳಿಸಿಕೊಡಿ ಎಂದು ಕೇಳಿದಳು. ದಾರದಣ್ಣ ಇಳಿಸಿದ, ಆದರೆ ಬೆರಳಿನ ಅಗಲದಷ್ಟು ಮಾತ್ರ. ಮುಂಭಾಗವನ್ನೂ ಅಷ್ಟೇ ಇಳಿಸಿ ಗಾಡಿಯ ನಿಲುವು ಕೆಡದಂತೆ ನೋಡಿಕೊಂಡ. ಸೀಟಿನ ಸ್ಪಂಜನ್ನು ಇಕ್ಕೆಲಗಳಲ್ಲಿ ಕೆತ್ತಿ ತೆಳ್ಳಗೆ ಮಾಡಿದ. ಉಳಿದದ್ದನ್ನು ಸೊಸೆ ವಹಿಸಿಕೊಂಡಳು. ಸೊಂಟ ಒಂದು ಬದಿಗೆ ಜರುಗಿಸಿ ಒಂದೇ ಕಾಲು ಊರಿ ನಿಲ್ಲುವುದನ್ನು ಅಂಗಡಿಯ ಮುಂದೆಯೇ ಇಪ್ಪತ್ತು ಸಲ ಮಾಡಿಸಿದಳು.

ಇಪ್ಪತ್ತೊಂದನೆಯ ಸಲ ನರ್ಸಮ್ಮ ಅಲುಗಾಡದೆ ನಿಂತಳು. ಹೆಲ್ಮೆಟ್ಟಿನ ಗಾಜು ಎತ್ತಿ, "ಅಣ್ಣ, ಬೀಳಲ್ಲ ತಾನೇ?" ಎಂದು ಕೇಳಿದಳು.

"ಬೀಳ್ಬಹುದು" ಎಂದ ದಾರದಣ್ಣ. "ಬಿದ್ರೆ ಗಾಡಿ ನಂಗೆ ತಂದ್ಕೊಡಿ. ಹೇಗೆ ಬಿದ್ರಿ ಅಂತ ಮಾತ್ರ ನಿಜ ಹೇಳ್ಬೇಕು."

ಅವಳು ನಕ್ಕು ಗಾಜು ಇಳಿಸಿಕೊಂಡು ಹೊರಟಳು. ಬೀದಿಯ ತುದಿಯಲ್ಲಿ, ಗಾಡಿ ತಿರುಗುವ ಮೊದಲೇ ಅವಳ ಹೆಲ್ಮೆಟ್ ಎಡಕ್ಕೆ ಹೊರಳಿದ್ದನ್ನು ಮಾವ ಸೊಸೆ ಇಬ್ಬರೂ ನೋಡಿದರು.