ಅವ್ವನ ಹೆಸರಿನ ಪೆಂಡಾಲು

ಶಹಾಪುರದಲ್ಲಿ ನಾನು ಶಾಮಿಯಾನದ ಅಂಗಡಿ ಹಾಕಿದಾಗ ಲೈಸೆನ್ಸನ್ನು ಅವ್ವನ ಹೆಸರಿನಲ್ಲಿ ಮಾಡಿಸಿದೆ. ನಮ್ಮ ಮನೆತನದಲ್ಲಿ ಇದೇನು ಹೊಸದಲ್ಲ. ಯಾರ ಕೈಗುಣ ಚಲೋ ಇದೆಯೋ ಅವರ ಹೆಸರಿನಲ್ಲೇ ಎಲ್ಲ ಸುರುವಾಗಬೇಕು. ಸಗರದಲ್ಲಿ ಅವ್ವ ಸಾಕಿದ ಕುರಿಹಿಂಡಿಗೆ ಯಾವ ಬ್ಯಾನಿಯೂ ತಾಗುವುದಿಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು. ಹಾಗಾಗಿ ಮಾಲಕಿ ಅವ್ವ, ದುಡಿಯುವವನು ನಾನು. ಪ್ರತಿ ಪೆಂಡಾಲಿನ ಮೊದಲ ಕಂಬಕ್ಕೆ ಅವಳೇ ಭಂಡಾರ ಹಚ್ಚಬೇಕು. ಬರಲಾಗದ ದಿನ ಚಿಟಿಕೆ ಭಂಡಾರದ ಅರಿಶಿನವನ್ನು ಕಾಗದದಲ್ಲಿ ಕಟ್ಟಿ ಕಳಿಸುತ್ತಿದ್ದಳು.

ಅಂಗಡಿ ಬೆಳೆದ ಮೇಲೆ ಯಾದಗಿರಿಯ ಆಡಿಟರ್ ಒಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಒಂದು ಕಂಪನಿ ಮಾಡ್ಕೋರಿ. ಆಗ ಕಂಪನಿ ಬ್ಯಾರೆ, ನಿಮ್ಮವ್ವ ಬ್ಯಾರೆ. ಈಗ ಹಂಗಿಲ್ಲ ನೋಡ್ರಿ, ಅಂಗಡಿ ಮ್ಯಾಲ ಏನರ ಬಂದ್ರ ಅವರ ಸ್ವಂತ ಆಸ್ತಿ ಮ್ಯಾಲೇ ಬರ್ತದ."

ಅವ್ವನನ್ನು ಅಂಗಡಿಯಿಂದ ಬೇರೆ ಮಾಡು ಅಂದರೆ ನನಗೆ ಉರಿಯದೆ ಇರುತ್ತದೆಯೇ? "ಓಡಿಹೋಗೋ ಮಂದಿ ಮಾಡೋ ಕೆಲಸ ಅದು ಸಾಹೇಬ್ರ" ಎಂದು ಎದ್ದು ಬಂದೆ. ಕೊಟ್ಟ ಚಹಾ ಕೂಡ ಕುಡಿಯಲಿಲ್ಲ.

ಮರುವರ್ಷ ಒಂದೇ ದಿನ ಎರಡು ಮದುವೆ ಒಪ್ಪಿಕೊಂಡೆ. ಸುರಪುರದ್ದು ದೊಡ್ಡದು, ಉದ್ದನೆಯ ಕಬ್ಬಿಣದ ಗೂಟಗಳೆಲ್ಲ ಅಲ್ಲಿಗೆ ಹೋದವು. ರಾಮಸಮುದ್ರದಲ್ಲಿ ಗಿಡ್ಡ ಗೂಟ ಬಡಿದೆ. ಹಿಂದಿನ ದಿನ ಮಳೆ ಬಿದ್ದು ಎರೆಮಣ್ಣು ಮೆತ್ತಗಾಗಿತ್ತು. ಅಂಥ ಮಣ್ಣಿನಲ್ಲಿ ಗಿಡ್ಡ ಗೂಟ ನಿಲ್ಲುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನದ ಮಾತು, ಅವ್ವನ ಭಂಡಾರವಂತೂ ಹಚ್ಚಿದೆ ಅಂದುಕೊಂಡೆ.

ಮಧ್ಯಾಹ್ನ ಗಾಳಿ ಎದ್ದಿತು. ಅಡುಗೆ ಕಡೆಗಿದ್ದ ಪೆಂಡಾಲಿನ ಬಟ್ಟೆ ಗೂಟ ಸಮೇತ ಮೇಲೆದ್ದು ಕಂಬ ಉರುಳಿತು. ಅದು ಬಿದ್ದದ್ದು ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಬಲಗೈ ಮೇಲೆ. ಮುದನಾಳದವಳು, ಮದುವೆಮನೆಗಳಲ್ಲಿ ರೊಟ್ಟಿ ಬಡಿದೇ ಬದುಕುವವಳು. ಮೂಳೆ ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ಮಡಚಲೇ ಇಲ್ಲ.

ಅವಳು ಕೋರ್ಟಿಗೆ ಹೋದಳು. ನೋಟೀಸು ಬಂದದ್ದು ಅವ್ವನ ಹೆಸರಿಗೆ. ತಪ್ಪು ನನ್ನದು, ಹೆಸರು ಅವಳದು. ವಕೀಲರು ಕಾಗದ ತಿರುವಿ, "ಅಂಗಡಿ ಅಂದ್ರ ನಿಮ್ಮವ್ವನೇರಿ, ನಡಕ ಗೋಡಿ ಇಲ್ಲ" ಅಂದರು. ಅವ್ವನಿಗೆ ಇದ್ದದ್ದು ಶಹಾಪುರದಲ್ಲಿ ಒಂದು ಪ್ಲಾಟು. ವರ್ಷವರ್ಷವೂ ಟಗರು ಮಾರಿ ಕೊಂಡದ್ದು. ಅಲ್ಲಿ ಮನೆ ಕಟ್ಟಿಸಿ ಬಾಗಿಲು ಮೂಡಣಕ್ಕೆ ಇಡಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ನಾನು ಅವ್ವನಿಗೆ ಮೆಲ್ಲಗೆ ಅಂದೆ: "ಪ್ಲಾಟು ಅಕ್ಕನ ಹೆಸರಿಗೆ ಮಾಡಿಬಿಡು ಬೇ, ಕೋರ್ಟಿನ ಕೈಗಿ ಸಿಗಾಂಗಿಲ್ಲ."

ಓಡಿಹೋಗುವ ಮಂದಿ ಎಂದು ಆಡಿಟರಿಗೆ ಹೇಳಿದ್ದ ಬಾಯಿಯೇ ಇದನ್ನೂ ಹೇಳಿತು. ನಾಚಿಕೆ ಆಮೇಲೆ ಬಂತು, ಅವತ್ತು ಬರಲಿಲ್ಲ.

ಮರುದಿನ ಅವ್ವ ಒಬ್ಬಳೇ ಬಸ್ಸು ಹತ್ತಿ ಮುದನಾಳಕ್ಕೆ ಹೋಗಿ ಬಂದಳು. ಚಪ್ಪಲಿ ಬಿಡುತ್ತಲೇ, "ಎಡಗೈಲೇ ಹಿಟ್ಟು ನಾದಾಕತ್ಯಾಳ. ರೊಟ್ಟಿ ಬಡಿಯಾಕ ಬರವಲ್ದು ಆಕಿಗಿ" ಅಂದಳು. ನೀರು ಕುಡಿದು, "ಪ್ಲಾಟು ಮಾರು" ಅಂದಳು. ಮಾರಿದೆವು. ಬಂದದ್ದರಲ್ಲಿ ಹೆಚ್ಚಿನ ಪಾಲು ಮುದನಾಳಕ್ಕೆ ಹೋಯಿತು. ಕೋರ್ಟಿನಲ್ಲಿ ರಾಜಿಯಾಯಿತು.

ಈ ವರ್ಷ ಅದೇ ಆಡಿಟರ್ ಬಳಿಗೆ ತಲೆತಗ್ಗಿಸಿಕೊಂಡು ಹೋದೆ, ಅವ್ವನನ್ನೂ ಕರೆದುಕೊಂಡು. ಅವರು ಹಳೆಯದನ್ನು ಎತ್ತಲಿಲ್ಲ. ಕೈಯಾರೆ ತಪ್ಪು ಮಾಡಿದವನನ್ನು ಕಂಪನಿಯೂ ಪೂರ್ತಿ ಕಾಪಾಡುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದರು. ಆಮೇಲೆ ಅವ್ವನತ್ತ ತಿರುಗಿ, "ಇನ್ಮ್ಯಾಲ ಕಂಬ ಬಿದ್ರ ಕೇಸು ಕಂಪನಿ ಮ್ಯಾಲ ಯವ್ವಾ. ನಿಮ್ಮ ಮನಿತನಕ ಯಾರೂ ಬರಾಂಗಿಲ್ಲ" ಅಂದರು.

ಅವ್ವ ಕೇಳಿದಳು: "ಹೌದ್ರಿ ಸಾಹೇಬ್ರ. ಮತ್ತ ಪೆಟ್ಟು ಬಿದ್ದೋರ ಮನಿಗಿ ಯಾರು ಹೋಗಬೇಕ್ರಿ?"

ಆಡಿಟರ್ ನನ್ನ ಮುಖ ನೋಡಿದರು. ನಾನು ಸಹಿ ಹಾಕಬೇಕಾದ ಜಾಗ ಹುಡುಕುತ್ತಾ ಕೂತೆ. ಮುದನಾಳ ಯಾದಗಿರಿಯಿಂದ ಅಷ್ಟೇನು ದೂರವಿಲ್ಲ. ಇವತ್ತಿನವರೆಗೂ ನಾನು ಆ ರೊಟ್ಟಿಯವಳ ಮನೆಗೆ ಹೋಗಿಲ್ಲ.