ಕಿವಿಯೊಳಗೆ ಯಾರೂ ನೋಡಲಿಲ್ಲ

ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಎಂದು ಕೆ.ಆರ್. ನಗರದ ಡಾಕ್ಟರೊಬ್ಬರು ತೀರ್ಮಾನ ಕೊಟ್ಟಾಗ ನಾನು ಅಲ್ಲೇ ನಿಂತಿದ್ದೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಭೇರ್ಯದ ಹತ್ತಿರದ ನಮ್ಮ ಮನೆಯಲ್ಲಿ ಗದ್ದೆಗೆ ಯಾವಾಗ ನೀರು ಕಟ್ಟಬೇಕು, ಕೆಲಸಕ್ಕೆ ಯಾರನ್ನು ಕರೆಯಬೇಕು ಎನ್ನುವುದಕ್ಕೆಲ್ಲ ಅತ್ತೆಯದೇ ಕೊನೆಯ ಮಾತು. ಆ ವರ್ಷ ನಾಟಿಯ ಹೊತ್ತಿಗೆ ಅವರು ಒಂದು ಕೇಳಿದರೆ ಇನ್ನೊಂದು ಹೇಳತೊಡಗಿದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. "ಅವ್ವುಂಗೆ ತಲೆ ನಿಲ್ತಿಲ್ಲ ಕಣೆ" ಎಂದು ನನ್ನ ಗಂಡ ಡಾಕ್ಟರ ಬಳಿ ಕರೆದುಕೊಂಡು ಹೊರಟ. ನಾನೂ ಹೋದೆ.

ಡಾಕ್ಟರು ಕಂಪ್ಯೂಟರ್ ಕಡೆ ಮುಖ ಮಾಡಿಕೊಂಡೇ ಕೇಳಿದರು. "ಇವತ್ತು ಯಾವ ವಾರ?"

"ಭೇರ್ಯದ ತಾವ, ಸಾ" ಎಂದರು ಅತ್ತೆ. ವಾರ ಎಂದದ್ದು ಅವರಿಗೆ ಊರು ಎಂದು ಕೇಳಿಸಿತ್ತು ಎಂಬುದು ನನಗೆ ಹೊಳೆದದ್ದು ಬಹಳ ಆಮೇಲೆ.

"ನೂರರಲ್ಲಿ ಏಳು ಕಳೀರಿ."

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

ಡಾಕ್ಟರು ನನ್ನ ಗಂಡನತ್ತ ನೋಡಿ ತಲೆಯಾಡಿಸಿದರು. ಮೈಸೂರಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದ್ದಾಯಿತು. ವಯಸ್ಸಿಗೆ ತಕ್ಕಂತಿದೆ ಎಂದು ರಿಪೋರ್ಟ್ ಬಂತು. ಆದರೂ ಕೆ.ಆರ್. ನಗರದ ಡಾಕ್ಟರು ಮರೆವಿಗೊಂದು, ನಿದ್ದೆಗೊಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಗಳಿಗೆ ಅತ್ತೆ ಮಧ್ಯಾಹ್ನದವರೆಗೂ ತೂಕಡಿಸತೊಡಗಿದರು. ಗ್ಯಾಸ್ ಹತ್ತಿರ ಬಿಡಬೇಡ ಎಂದು ಗಂಡ ನನಗೆ ಹೇಳಿದ. ಬಂದ ನೆಂಟರೆಲ್ಲ ಅವರ ಎದುರಿಗೇ ಕೂತು "ಪಾಪ, ಎಂಗಿದ್ರು" ಎಂದು ಮಾತಾಡಿಕೊಂಡರು.

ಒಂದು ದಿನ ಅವರ ತಲೆಗೆ ಎಣ್ಣೆ ಹಚ್ಚುತ್ತ, ಕಿವಿಯ ಪಕ್ಕದಲ್ಲೇ ಬಾಗಿ, ನಾಳೆ ಯಾವ ವಾರ ಎಂದು ಸುಮ್ಮನೆ ಕೇಳಿದೆ.

"ಸುಕ್ರವಾರ. ಗೊತ್ತಿಲ್ವಾ ನಿಂಗೆ?" ಎಂದರು. ಆಮೇಲೆ ಅವರೇ ಹೇಳಿದರು, "ಕಿವಿ ಒಳಗೆ ಅರಳೆ ತುರುಕ್ದಂಗದೆ ಕಣವ್ವ. ಬೋ ದಿನ ಆಯ್ತು."

"ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರು ನನ್ ಕುಟೆ ಎಲ್ ಮಾತಾಡುದ್ರು? ನಿನ್ ಗಂಡನ್ ಕುಟೆ ತಾನೆ ಮಾತಾಡಿದ್ದು."

ಮಾರನೆಯ ದಿನವೇ ಬಸ್ಸು ಹತ್ತಿಸಿ ಕಿವಿ ಡಾಕ್ಟರ ಬಳಿಗೆ ಕರೆದೊಯ್ದೆ. ಆಕೆ ಸಣ್ಣ ದೀಪದ ಕೊಳವೆಯಿಟ್ಟು ಎರಡೂ ಕಿವಿಯೊಳಗೆ ನೋಡಿದರು. ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿ ದಾರಿಯನ್ನೇ ಮುಚ್ಚಿತ್ತು. ಕೆಲವು ದಿನ ಹನಿ ಔಷಧಿ ಬಿಟ್ಟು ಮೆತ್ತಗಾದ ಮೇಲೆ, ಬೆಚ್ಚಗಿನ ನೀರು ಹಾಯಿಸಿ ಆಕೆಯೇ ತೆಗೆದರು.

"ನೋವಾಯ್ತಾ?" ಎಂದು ನಾನು ಅಭ್ಯಾಸದಂತೆ ಗಟ್ಟಿಯಾಗಿ ಕೇಳಿದೆ.

"ಯಾಕವ್ವ ಅಂಗ್ ಕಿರುಚ್ತೀಯ" ಎಂದರು ಅತ್ತೆ.

ಮಾತ್ರೆಗಳನ್ನು ನಾವಾಗಿ ನಿಲ್ಲಿಸಬಾರದು, ಬರೆದವರನ್ನೇ ಕೇಳಿ ಎಂದು ಆ ಡಾಕ್ಟರು ಹೇಳಿದ್ದರಿಂದ ಗಂಡನೂ ಸೇರಿ ಮೂವರೂ ಮತ್ತೆ ಮೊದಲಿನವರ ಬಳಿಗೆ ಹೋದೆವು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಸಾ, ನನ್ ಕಿವಿ ಯಾಕ್ ನೋಡ್ನಿಲ್ಲ ನೀವು?"

ಡಾಕ್ಟರು ನನ್ನ ಗಂಡನಿಗೆ ಹೇಳಿದರು, "ಈ ವಯಸ್ಸಲ್ಲಿ ಒಂದು ಸ್ಕ್ಯಾನ್ ಆಗಿದ್ದು ಒಳ್ಳೇದೇ ಅಲ್ವಾ?"

"ಕೇಳಿದ್ದು ನಾನು ಕಣ್ರೀ. ನನ್ ಮೊಕ ನೋಡ್ಕಂಡ್ ಯೋಳಿ."

ಅವರು ಚೀಟಿ ತೆಗೆದುಕೊಂಡು ಎರಡೂ ಮಾತ್ರೆಗಳ ಮೇಲೆ ಗೀಟು ಎಳೆದು ಮುಂದಿನವರನ್ನು ಕರೆದರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ತಲೆಯೊಳಗಿನದನ್ನೆಲ್ಲ ಚಿತ್ರ ತೆಗೆಸಿದವರಿಗೆ, ಕೈಯಳತೆಯಲ್ಲಿದ್ದ ಕಿವಿಗೆ ಟಾರ್ಚು ಬಿಡಲು ಪುರಸೊತ್ತಿರಲಿಲ್ಲ. ಇದನ್ನು ತಪಾಸಣೆ ಎಂದು ಕರೆಯಲು ನನ್ನ ಮನಸ್ಸು ಇವತ್ತಿಗೂ ಒಪ್ಪುವುದಿಲ್ಲ.

ಬಸ್ ನಿಲ್ದಾಣದಲ್ಲಿ ಗಂಡ ನಗುತ್ತ, "ಓಗ್ಲಿ ಬುಡವ್ವ, ಗುಗ್ಗೆ ತಾನೆ" ಎಂದ.

"ಗುಗ್ಗೆದಲ್ಲ ಕಣ್ಲಾ. ನಾನಿನ್ನೂ ಬದುಕಿವ್ನಿ, ನನ್ನ ಒಂದ್ ಮಾತ್ ಕೇಳ್ಬೇಕು ಅಂತ ಅನ್ನುಸ್ನಿಲ್ವಲ್ಲ ನಿಂಗೆ."

ಅವನು ರಸ್ತೆ ನೋಡತೊಡಗಿದ. ಎಷ್ಟೋ ದಿನ ಅತ್ತೆ ಮಗನೊಂದಿಗೆ ಮಾತು ಬಿಟ್ಟಿದ್ದರು. ರಾಜಿ ಮಾಡಿಸು ಎಂದು ಅವನು ನನ್ನನ್ನು ಕೇಳಿದ. ನಾನು ಹೋಗಲಿಲ್ಲ.