ಖಾಲಿ ಇದೆಯಾ ನೋಡಿ

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊಡವ ಹಿರಿಯರೊಬ್ಬರು ತಮ್ಮ ರೈಫಲನ್ನು ಯಾರ ಕೈಗೆ ಕೊಟ್ಟರೂ, "ಮೊದಲು ಖಾಲಿ ಇದೆಯಾ ನೋಡಿ" ಅನ್ನುತ್ತಿದ್ದರು. ತಾವು ಆಗಲೇ ನೋಡಿರುತ್ತಿದ್ದರು. ಕೈಲ್ ಮುಹೂರ್ತದ ದಿನ ಆಯುಧಕ್ಕೆ ಪೂಜೆ. ಕೊಡಗಿನಲ್ಲಿ ನಳಿಗೆಗೆ ಸಿಕ್ಕಿಸುವ ಕೋವಿ ಹೂವು ಇಲ್ಲೆಲ್ಲಿ ಸಿಗಬೇಕು? ಹಿತ್ತಲಿನ ಕಿತ್ತಳೆ ಬಣ್ಣದ ಗಸಗಸೆ ಹೂವನ್ನೇ ಸಿಕ್ಕಿಸಿ ಕೈಮುಗಿಯುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಅವರ ಕಣ್ಣು ಮಂಜಾಯಿತು. ರೈಫಲನ್ನು ನೆವಾಡಾದಲ್ಲಿದ್ದ ಮಗಳಿಗೆ ಕೊಡಲು ತೀರ್ಮಾನಿಸಿದರು. ರಾಜ್ಯ ದಾಟಿಸಿ ನೇರವಾಗಿ ಅವಳ ಕೈಗೆ ಕಳಿಸಲು ಕಾನೂನು ಬಿಡುವುದಿಲ್ಲ. ಅದು ಅಲ್ಲಿನ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಹೋಗಬೇಕು, ಅವಳು ಅಲ್ಲಿಂದ ಪಡೆಯಬೇಕು. ಕಳಿಸಿಕೊಡುವ ಇಲ್ಲಿನ ಅಂಗಡಿಗೆ ಅವರನ್ನು ನಾನೇ ಕಾರಿನಲ್ಲಿ ಕರೆದೊಯ್ದೆ.

ಅಂಗಡಿಯವನು ನಳಿಗೆಯೊಳಕ್ಕೆ ಟಾರ್ಚ್ ಬಿಟ್ಟು, ಒಳಗೇನೋ ಇದೆ ಎಂದ.

ಅವರು "ನೋಡಿಯೇ ತಂದಿದ್ದೀನಲ್ಲ!" ಎಂದು ನನ್ನತ್ತ ತಿರುಗಿದರು.

ಅವನು ಉದ್ದನೆಯ ಕಡ್ಡಿ ತೂರಿಸಿದಾಗ, ಒಣಗಿದ ಒಂದು ಕಿತ್ತಳೆ ದಳ ಗಾಜಿನ ಕೌಂಟರಿನ ಮೇಲೆ ಬಿತ್ತು.

ಅವರು ಬೆರಳಲ್ಲಿ ತಡಕಾಡಿ ಅದನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ರೈಫಲನ್ನು ಮೆಲ್ಲನೆ ಅವನ ಕಡೆ ಸರಿಸಿದರು. ಆ ಅಮೆರಿಕದವನಿಗೆ ಕನ್ನಡದಲ್ಲೇ ಹೇಳಿದರು:

"ಈಗ ಖಾಲಿ ಆಯ್ತು."